ಅಂಚಿನಲ್ಲಿ ಬ್ರೇಕ್ ಹಿಡಿಯುವ ಕೈ

ಎಲ್ಲರಿಗೂ ನಮಸ್ಕಾರ. ಈ ಗ್ರಂಥಾಲಯದಲ್ಲಿ ತಾಳಮದ್ದಳೆ ಕೇಳಿದವರು, ಅಡಿಕೆ ಕೊಳೆರೋಗದ ಬಗ್ಗೆ ಮಾತು ಕೇಳಿದವರು ಇದ್ದೀರಿ. ಸೈಕಲ್ ಮೇಲೆ ಉಪನ್ಯಾಸ ಅಂದರೆ ತಮಾಷೆ ಅನಿಸಬಹುದು. ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೂ ನಗು ಬಂತು. ಆದರೆ ಅವರು ಕೊಟ್ಟ ಕಾರಣ ಸರಿಯಾಗಿತ್ತು. “ಮಕ್ಕಳು ಗುಡ್ಡೆಯಲ್ಲಿ ಬರೆಯಿಂದ, ಅಂದರೆ ಕಡಿದಾದ ಮಣ್ಣಿನ ದಿಬ್ಬದಿಂದ, ಕೆಳಗೆ ಸೈಕಲ್ ಹಾರಿಸುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಹೇಗೆ ಹಾರಿಸಬೇಕು ಅಂತಲಾದರೂ ಹೇಳಿ ಮಾರಾಯ್ರೆ” ಅಂದರು.

ನನ್ನ ಎಡಗೈಯಿಂದಲೇ ಶುರು ಮಾಡುತ್ತೇನೆ. ಇದರ ಮಣಿಕಟ್ಟು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ನಮ್ಮ ತೋಟಕ್ಕೆ ಇಳಿಯುವ ದಾರಿಯಲ್ಲಿ ಒಂದು ಬರೆ ಉಂಟು. ಎರಡಡಿ ಎತ್ತರ, ಜಾಸ್ತಿ ಏನಲ್ಲ. ಒಂದು ದಿನ ಧೈರ್ಯ ಮಾಡಿ ಹೊರಟೆ. ಅಂಚಿಗೆ ಬಂದಾಗ ಕೆಳಗೆ ನೋಡಿದೆ. ಎದೆ ಝಲ್ ಅಂದಿತು, ಬೆರಳು ತಾನಾಗಿ ಬ್ರೇಕ್ ಹಿಡಿಯಿತು. ಸೈಕಲ್ ನಿಲ್ಲಲಿಲ್ಲ, ನಿಧಾನ ಆಯಿತು ಅಷ್ಟೆ. ಮುಂದಿನ ಚಕ್ರ ಕೆಳಗೆ ಹೋಯಿತು, ಹಿಂದಿನದು ಮೇಲೆಯೇ ಉಳಿಯಿತು. ನಾನು ಹ್ಯಾಂಡಲ್ ದಾಟಿ ಅಡಿಕೆ ಸೋಗೆಯ ಮೇಲೆ ಬಿದ್ದೆ. ಬೀಳುವಾಗ ಕೈ ಊರಿದ್ದೆ. ಉಳಿದದ್ದನ್ನು ಈ ಮಣಿಕಟ್ಟೇ ಹೇಳುತ್ತದೆ.

ಆಮೇಲೆ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ. ಬೇರೆ ಕೆಲಸ ಇರಲಿಲ್ಲ ನೋಡಿ. ಸೈಕಲ್ಲಿನ ಎರಡು ಅಚ್ಚುಗಳ ನಡುವೆ ಹೆಚ್ಚುಕಡಿಮೆ 1.1 ಮೀಟರ್ ಅಂತ ಇಟ್ಟುಕೊಳ್ಳಿ. ನೀವು ನಡೆಯುವ ವೇಗದಲ್ಲಿ, ಅಂದರೆ ಗಂಟೆಗೆ 5 ಕಿಲೋಮೀಟರ್‌ನಲ್ಲಿ ಅಂಚಿಗೆ ಬಂದಿರಿ. ಮುಂದಿನ ಚಕ್ರ ಅಂಚು ಬಿಟ್ಟ ಮೇಲೆ ಹಿಂದಿನದು ಅಲ್ಲಿಗೆ ತಲುಪಲು 0.8 ಸೆಕೆಂಡ್ ಬೇಕು. ಆದರೆ ಎರಡಡಿ, ಅಂದರೆ 60 ಸೆಂಟಿಮೀಟರ್ ಬೀಳಲು ಒಂದು ವಸ್ತುವಿಗೆ 0.35 ಸೆಕೆಂಡ್ ಸಾಕು. ಹಿಂದಿನ ಚಕ್ರ ಬರುವುದರೊಳಗೆ ಮುಂದಿನದು ನೆಲಕ್ಕೆ ಕುಟ್ಟಿ ಆಗಿರುತ್ತದೆ. ಅದೇ ಗಂಟೆಗೆ 15 ಕಿಲೋಮೀಟರ್ ಇದ್ದರೆ? 0.26 ಸೆಕೆಂಡಿನಲ್ಲಿ ಎರಡೂ ಚಕ್ರ ಅಂಚು ದಾಟಿರುತ್ತವೆ. ಲೆಕ್ಕ ಒರಟು, ಆದರೆ ವಿಷಯ ಇದೇ. ನನ್ನನ್ನು ಬೀಳಿಸಿದ್ದು ಬರೆಯ ಎತ್ತರ ಅಲ್ಲ, ನನ್ನದೇ ಬ್ರೇಕ್.

ಹಾಗಂತ ಸುಮ್ನೆ ಕಣ್ಣು ಮುಚ್ಚಿ ಓಡಿಸಿ ಅಂತ ನಾನು ಹೇಳುವುದಿಲ್ಲ. ಹಾರಬೇಕೋ ಬೇಡವೋ ಅನ್ನುವುದನ್ನು ಅಂಚಿನಲ್ಲಿ ಯೋಚಿಸಬಾರದು. ಹತ್ತು ಮೀಟರ್ ಹಿಂದೆಯೇ ಅದು ತೀರ್ಮಾನ ಆಗಿರಬೇಕು. ಅದಕ್ಕೆ ಮೊದಲು ಸೈಕಲ್ ಬದಿಗಿಟ್ಟು ಕೆಳಗಿಳಿಯಿರಿ. ಇಳಿಯುವ ಜಾಗವನ್ನು ಕಾಲಿನಿಂದ ತಟ್ಟಿ ನೋಡಿ. ಸೋಗೆಯ ಅಡಿಯಲ್ಲಿ ಕಣಿ, ಅಂದರೆ ನೀರು ಹರಿಯುವ ಚರಂಡಿ ಇರಬಹುದು. ಅಡಿಕೆ ಹಾಳೆ ಬಿದ್ದಿರಬಹುದು. ಹಾಳೆಯ ಮೇಲೆ ಕೂತು ಎಳೆಸಿಕೊಂಡು ಆಡಿದವರು ನಾವೆಲ್ಲ, ಅದು ಎಷ್ಟು ಜಾರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಕಲಿಯಲು ಬರೆಯೇ ಬೇಕಾಗಿಲ್ಲ. ನಮ್ಮಲ್ಲಿ ಕೆಂಪುಕಲ್ಲಿಗೆ ಬರ ಇಲ್ಲ. ಬಯಲಿನಲ್ಲಿ ಎರಡು ಸಾಲು ಕಲ್ಲು ಅಡ್ಡಡ್ಡ ಒತ್ತಾಗಿ ಜೋಡಿಸಿ, ಹಿಂದೆ ಗಟ್ಟಿ ಹಲಗೆ ಓರೆಯಾಗಿ ಇಟ್ಟು ಹತ್ತಲು ದಾರಿ ಮಾಡಿ. ಒಂದು ಕಲ್ಲಿನ ಎತ್ತರದಿಂದ ಇಪ್ಪತ್ತು ಸಲ ಇಳಿಯಿರಿ. ಬೇಸರ ಬರುವವರೆಗೆ ಇಳಿಯಿರಿ. ಆಮೇಲೆ ಎರಡನೇ ಕಲ್ಲು.

ಇಳಿಯುವಾಗ ಮೈ ಹೇಗಿರಬೇಕು ಅಂತ ಹೇಳುತ್ತೇನೆ. ಸೀಟು ತಗ್ಗಿಸಿ, ಎದ್ದು ನಿಲ್ಲಿ. ಎರಡು ಪೆಡಲ್ ಸಮಕ್ಕಿರಲಿ, ಹಿಮ್ಮಡಿ ಸ್ವಲ್ಪ ಕೆಳಗೆ. ಮೊಣಕಾಲು, ಮೊಣಕೈ ಮಡಚಿರಲಿ. ಮುಂದಿನ ಚಕ್ರ ಅಂಚಿಗೆ ಬಂದಾಗ ಹ್ಯಾಂಡಲನ್ನು ಮುಂದಕ್ಕೆ ತಳ್ಳಿ, ಸೊಂಟವನ್ನು ಹಿಂದಕ್ಕೆ ಬಿಡಿ. ಹೆಚ್ಚಿನವರು ಇಲ್ಲಿಯೇ ತಪ್ಪುವುದು, ಹ್ಯಾಂಡಲನ್ನು ಮೇಲಕ್ಕೆ ಎಳೆಯುತ್ತಾರೆ. ಎಳೆದರೆ ಮುಂಭಾಗ ಏಳುತ್ತದೆ, ನೀವು ಬೆನ್ನಡಿಯಾಗುತ್ತೀರಿ. ಊಟದ ಮೇಜನ್ನು ಎದುರಿನವನ ಕಡೆಗೆ ಸರಿಸುತ್ತೀರಲ್ಲ, ಅದೇ ತಳ್ಳು. ಕಣ್ಣು ಅಂಚಿನ ಮೇಲೆ ಬೇಡ, ಇಳಿಯುವ ಜಾಗದ ಆಚೆಗಿರಲಿ.

ನೆಲ ಹತ್ತಿರ ಬಂದಾಗ ಕೈಕಾಲು ಚಾಚಿರಬೇಕು, ಮುಟ್ಟಿದ ಕೂಡಲೇ ಮಡಚಬೇಕು. ಇಲ್ಲೂ ಒಂದು ಲೆಕ್ಕ ಉಂಟು. 60 ಸೆಂಟಿಮೀಟರ್ ಬಿದ್ದ ಮೈಯನ್ನು ಕಾಲು 5 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಸರಾಸರಿ ನಿಮ್ಮ ತೂಕದ 13 ಪಟ್ಟು ಭಾರ ಬೀಳುತ್ತದೆ. 30 ಸೆಂಟಿಮೀಟರಿನಲ್ಲಿ ಮೆಲ್ಲ ಮಡಚಿ ನಿಲ್ಲಿಸಿದರೆ 3 ಪಟ್ಟು. ಸೆಟೆದು ನಿಂತವನ ಮೊಣಕಾಲು ಯಾಕೆ ಹೋಗುತ್ತದೆ ಅಂತ ಗೊತ್ತಾಯಿತಲ್ಲ? ಇಳಿಯುವ ಜಾಗ ಸ್ವಲ್ಪ ಇಳಿಜಾರಾಗಿದ್ದರೆ ಇನ್ನೂ ಒಳ್ಳೆಯದು, ಪೆಟ್ಟು ಮುಂದಿನ ಓಟವಾಗಿ ಹರಿದು ಹೋಗುತ್ತದೆ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಮುಂದಿನ ಬ್ರೇಕ್ ಹಿಡಿಯಲೇಬೇಡಿ.

ಟ್ರಯಲ್ಸ್ ಅಂದರೆ ಕಾಲು ನೆಲಕ್ಕೆ ಊರದೆ ಅಡೆತಡೆ ದಾಟುವ ಸೈಕಲ್ ಆಟ, ಅದರವರು ಹಾರುವುದು ಬೇರೆ ರೀತಿ. ಅವರ ಸೈಕಲ್‌ನಲ್ಲಿ ಕೂರುವ ಸೀಟೇ ಇರುವುದಿಲ್ಲ, ಇದ್ದರೂ ಹೆಸರಿಗೆ. ಅವರಿಗೆ ಓಟ ಬೇಡ. ಅಂಚಿನಲ್ಲಿ ಹಿಂದಿನ ಚಕ್ರದ ಮೇಲೆ ನಿಂತು, ಪೆಡಲಿಗೆ ಒಂದು ಒದೆ ಕೊಟ್ಟು, ಹಿಂದಿನ ಚಕ್ರವನ್ನೇ ಮೊದಲು ನೆಲಕ್ಕಿಡುತ್ತಾರೆ. ಮೊಬೈಲಿನಲ್ಲಿ ಅದನ್ನು ನೋಡಿ, ನಿಧಾನಕ್ಕೂ ಹಾರಬಹುದು ಅಂತ ಅಂದುಕೊಂಡವರಲ್ಲಿ ನಾನೂ ಒಬ್ಬ. ಹಿಂದಿನ ಚಕ್ರದ ಮೇಲೆ ಅಲುಗದೆ ನಿಲ್ಲಲು ಬಾರದವನಿಗೆ ಅದು ಹೇಳಿದ್ದಲ್ಲ.

ಇನ್ನು ನಮ್ಮ ನೆಲ. ಕಾಸರಗೋಡಿನ ಗುಡ್ಡೆಗಳಲ್ಲಿ ಅಡಿ ಇಟ್ಟಲ್ಲೆಲ್ಲ ಮುರಕಲ್ಲು, ಅಂದರೆ ಅದೇ ಕೆಂಪುಕಲ್ಲು. ಬೇಸಿಗೆಯಲ್ಲಿ ಟಯರಿಗೆ ಇದರಷ್ಟು ಹಿಡಿತ ಕೊಡುವ ಕಲ್ಲು ನಾನು ನೋಡಿಲ್ಲ. ಅದರ ಮೇಲೆ ಚರಳು ಹರಡಿದ್ದರೆ ಮಾತ್ರ ಗೋಲಿಗಳ ಮೇಲೆ ಓಡಿಸಿದ ಹಾಗೆ. ಜೂನ್ ಬಂದ ಮೇಲೆ ಅದೇ ಕಲ್ಲಿಗೆ ಪಾಚಿ ಹಿಡಿಯುತ್ತದೆ. ಮಳೆಗಾಲ ಕಳೆಯುವವರೆಗೆ ನಾನು ಹಾರುವುದಿಲ್ಲ. ಹಳೆಯ ಕಲ್ಲಿನ ಕೋರೆಗಳ ಹತ್ತಿರವಂತೂ ಯಾವ ಕಾಲದಲ್ಲೂ ಬೇಡ. ಮೆಟ್ಟಿಲಿನ ಹಾಗೆ ಕಡಿದಿರುತ್ತಾರೆ, ಹಾರಲೆಂದೇ ಮಾಡಿದ ಹಾಗೆ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ಕೆಳಗೆ ನೀರು ನಿಂತಿರುತ್ತದೆ, ಎಷ್ಟು ಆಳ ಅಂತ ಮೇಲಿಂದ ಕಾಣುವುದಿಲ್ಲ.

ಸೈಕಲ್ ಬಗ್ಗೆ ಒಂದೇ ಮಾತು. ಗೇರ್ ಇದ್ದು ದಪ್ಪ ಟಯರ್ ಇದ್ದ ಮಾತ್ರಕ್ಕೆ ಅದು ಹಾರುವ ಸೈಕಲ್ ಅಲ್ಲ. ಮುಂದೆ ಸ್ಪ್ರಿಂಗ್ ಕಂಡರೂ ಎಷ್ಟೋ ಸೈಕಲ್‌ಗಳು ರಸ್ತೆಯ ಹೊಂಡಕ್ಕೆ ಸಾಕು, ಅಷ್ಟೇ. ಅಂಥದ್ದರಲ್ಲಿ ಎರಡು ಕಲ್ಲಿನ ಎತ್ತರ ದಾಟಬೇಡಿ. ಪ್ರತಿ ಸಲ ಹೊರಡುವ ಮುಂಚೆ ಹ್ಯಾಂಡಲಿನ ಬೋಲ್ಟ್, ಚಕ್ರದ ಅಚ್ಚು ಬಿಗಿ ಇದೆಯಾ ನೋಡಿ. ಗಾಳಿ ಕಡಿಮೆ ಇದ್ದರೆ ಇಳಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. ಹೆಲ್ಮೆಟ್ ಇಲ್ಲದೆ ಬಂದವರಿಗೆ ನಾನು ಕಲಿಸುವುದಿಲ್ಲ, ಹೇಳಿದ್ದೇನೆ.

ಹೊರಗೆ ಅಂಗಳದಲ್ಲಿ ಎರಡು ಸಾಲು ಕಲ್ಲು ಜೋಡಿಸಿ ಹಲಗೆ ಇಟ್ಟಿದ್ದೇವೆ. ಚಹಾ ಕುಡಿದು ಬನ್ನಿ. ಸೀಟು ತಗ್ಗಿಸಲು ಸ್ಪ್ಯಾನರ್ ನನ್ನ ಚೀಲದಲ್ಲಿದೆ.