ಐದಾರು ಕೋಶಗಳು ಹೇಳುವ ಮಾತು

ಎಲ್ಲರಿಗೂ ನಮಸ್ಕಾರ. ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆಯಾದ ಐವಿಎಫ್‌ಗೆ ಬಂದ ದಂಪತಿ ಈಗ ತುಂಬಾ ಕೇಳುವ ಮಾತು, "ಭ್ರೂಣವನ್ನು ಒಂದ್ಸಲ ಟೆಸ್ಟ್ ಮಾಡಿಸಿಬಿಡೋಣ್ವಾ?" ನಾನು ತಿರುಗಿ ಕೇಳುವುದು ಇಷ್ಟೇ: ಏನು ತಿಳಿದುಕೊಳ್ಳೋಕೆ?

ಮೊದಲು ಲ್ಯಾಬಿನೊಳಗೆ ಹೋಗೋಣ. ಐದಾರು ದಿನ ಬೆಳೆದ ಭ್ರೂಣ ನೀರು ತುಂಬಿದ ಪುಟ್ಟ ಗುಳ್ಳೆಯ ಹಾಗಿರುತ್ತದೆ. ಒಳಗೆ ಒಂದು ಬದಿಗೆ ಅಂಟಿಕೊಂಡ ಕೋಶಗಳ ಗುಂಪಿನಿಂದ ಮಗು. ಹೊರಪದರದಿಂದ ಮಾಸು. ಭ್ರೂಣವನ್ನು ಪಿಪೆಟ್ಟಿನ ತುದಿಯಲ್ಲಿ ಹಿಡಿದು, ಮೇಲಿನ ಪೊರೆಗೆ ಲೇಸರ್‌ನಿಂದ ಕಿಂಡಿ ಮಾಡಿ, ಹೊರಪದರದ ಐದಾರು ಕೋಶಗಳನ್ನು ಮೆಲ್ಲಗೆ ಎಳೆದು ಬಿಡಿಸುತ್ತಾರೆ. ಅವು ಜೀನ್ ಅಥವಾ ಕ್ರೋಮೋಸೋಮ್ ಪರೀಕ್ಷೆಗೆ ಹೋಗುತ್ತವೆ (ಕ್ರೋಮೋಸೋಮ್ ಅಂದರೆ ಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆ). ರಿಪೋರ್ಟ್ ಬರುವವರೆಗೆ ಭ್ರೂಣ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಯುತ್ತದೆ. ನಾವು ನೋಡುವುದು ಮಾಸು ಆಗುವ ಕೋಶಗಳನ್ನು, ಮಗುವಾಗುವ ಕೋಶಗಳನ್ನಲ್ಲ. ಇದೊಂದು ನೆನಪಿರಲಿ.

ಈ ಪರೀಕ್ಷೆ ಶುರುವಾದದ್ದೇ ಒಂದು ಖಚಿತ ಪ್ರಶ್ನೆಯಿಂದ. ಕೆಲವು ಮನೆತನಗಳಲ್ಲಿ ಗಂಡುಮಕ್ಕಳನ್ನೇ ಕಾಡುವ ಆನುವಂಶಿಕ ಕಾಯಿಲೆಗಳಿದ್ದವು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅಲನ್ ಹ್ಯಾಂಡಿಸೈಡ್ ಮತ್ತು ಜೊತೆಗಾರರು ಅಂಥ ದಂಪತಿಗಾಗಿ ಭ್ರೂಣ ಗಂಡೋ ಹೆಣ್ಣೋ ಎಂದು ನೋಡಿದರು. ಆ ಕೆಲಸ 1990ರಲ್ಲಿ ಪ್ರಕಟವಾಯಿತು.

ಇವತ್ತಿಗೂ ಪರೀಕ್ಷೆಯ ನಿಜವಾದ ಬಲ ಇಂಥ ಖಚಿತ ಪ್ರಶ್ನೆಯಲ್ಲೇ ಇದೆ. ತಾಯಿ ತಂದೆ ಇಬ್ಬರೂ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರು, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಹೊತ್ತವರು ಅಂದುಕೊಳ್ಳಿ. ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಕೆಲವೇ ವಾರಕ್ಕೊಮ್ಮೆ ರಕ್ತ ಕೊಡಿಸುತ್ತಾ, ಸೂಜಿ ಚುಚ್ಚುವಾಗ ಆ ಕೈ ಹಿಡಿದುಕೊಂಡು ಕೂತ ಅಮ್ಮನಿಗೆ ಯಾವ ಜೀನ್ ಹುಡುಕಬೇಕು ಎಂಬುದು ಗೊತ್ತು. ಅವಳಿಗೆ ಈ ಪರೀಕ್ಷೆ ದೊಡ್ಡ ಆಸರೆ.

ಸುಮ್ನೆ ಕ್ರೋಮೋಸೋಮ್ ಎಣಿಸುವುದು ಬೇರೆ ವಿಷಯ. ವಯಸ್ಸಾದಂತೆ ಅಂಡದಲ್ಲಿ ಈ ಎಣಿಕೆ ತಪ್ಪುವುದು ಜಾಸ್ತಿ, ನಿಜ. ಆದರೆ ಪರೀಕ್ಷೆ ಭ್ರೂಣವನ್ನು ಸರಿಮಾಡುವುದಿಲ್ಲ, ಇರುವುದರಲ್ಲಿ ಆರಿಸುತ್ತದೆ ಅಷ್ಟೇ. ಚೀನಾದಲ್ಲಿ 1,212 ಮಹಿಳೆಯರ ಮೇಲೆ ನಡೆದ ಅಧ್ಯಯನ 2021ರಲ್ಲಿ ಹೊರಬಂತು. ಎಲ್ಲರೂ 20ರಿಂದ 37 ವಯಸ್ಸಿನವರು, ಎಲ್ಲರಿಗೂ ಮೂರು ಅಥವಾ ಹೆಚ್ಚು ಒಳ್ಳೆಯ ಭ್ರೂಣಗಳಿದ್ದವು. ಟೆಸ್ಟ್ ಮಾಡಿಸಿದವರಲ್ಲಿ ಮಗು ಪಡೆದವರು ಶೇ. 77.2, ಮಾಡಿಸದವರಲ್ಲಿ ಶೇ. 81.8. ಇಂಥವರಿಗೆ ಟೆಸ್ಟ್‌ನಿಂದ ಲಾಭ ಕಾಣಲಿಲ್ಲ.

ಇನ್ನು 'ಮೊಸಾಯಿಕ್' ರಿಪೋರ್ಟ್. ಕೆಲವು ಕೋಶ ಸರಿ, ಕೆಲವು ಸರಿಯಿಲ್ಲ ಎಂದರ್ಥ. ಹಿಂದೆ ಇಂಥ ಭ್ರೂಣಗಳನ್ನು ಬದಿಗಿಡುತ್ತಿದ್ದರು. ಇಟಲಿಯ ವೈದ್ಯರು, ಬೇರೆ ಭ್ರೂಣವೇ ಇಲ್ಲದ 18 ಮಹಿಳೆಯರಿಗೆ ಇವನ್ನೇ ಇಟ್ಟರು; ಆ ವರದಿ 2015ರಲ್ಲಿ ಹೊರಬಂತು. ಆರು ಆರೋಗ್ಯವಂತ ಮಕ್ಕಳು ಹುಟ್ಟಿದವು. ಹೊರಪದರದ ಐದಾರು ಕೋಶಗಳ ಮಾತನ್ನೇ ನಂಬಿದ್ದರೆ ಆ ಮಕ್ಕಳು ಇರುತ್ತಿರಲಿಲ್ಲ, ಅಲ್ವಾ?

ಹಾಗಾಗಿ ಸಹಿ ಹಾಕುವ ಮೊದಲೇ ಡಾಕ್ಟರನ್ನು ಕೇಳಿ: ನಮಗೆ ಈ ಟೆಸ್ಟ್ ಯಾಕೆ? ಮೊಸಾಯಿಕ್ ಅಂತ ಬಂದರೆ ಏನು ಮಾಡುತ್ತೀರಿ? ಇರುವುದು ಒಂದೇ ಭ್ರೂಣವಾದರೆ, ಈ ಎರಡನೇ ಪ್ರಶ್ನೆಯನ್ನು ಮೊದಲು ಕೇಳಿ.