ಮೊದಲು ಭಾಗಿಸಿ, ಆಮೇಲೆ ಮುಚ್ಚಿ

ಕೇಳುಗರಿಗೆ ನಮಸ್ಕಾರ.

ನಿಮ್ಮ ಪರ್ಸಿನಲ್ಲೋ, ಬೀರುವಿನ ಲಾಕರಿನಲ್ಲೋ, ಹಳೇ ಪಾಸ್‌ಬುಕ್ಕಿನ ಮಧ್ಯದಲ್ಲೋ ಒಂದು ಕ್ರೆಡಿಟ್ ಕಾರ್ಡ್ ಸುಮ್ಮನೆ ಬಿದ್ದಿರಬಹುದು. ಸಂಬಳದ ಖಾತೆ ತೆರೆದಾಗ ಬ್ಯಾಂಕಿನವರು ಕೊಟ್ಟದ್ದು, ಇಲ್ಲವೇ ಅಂಗಡಿ ಬಾಗಿಲಲ್ಲಿ ನಿಂತ ಹುಡುಗ ಅರ್ಜಿ ಬರೆಸಿಕೊಂಡು ಮಾಡಿಸಿಕೊಟ್ಟದ್ದು. ಎರಡು ವರ್ಷದಿಂದ ಅದನ್ನು ಹೊರಗೆ ತೆಗೆದಿಲ್ಲ. ಇದು ಯಾಕೆ ಬೇಕು, ಕ್ಲೋಸ್ ಮಾಡಿಸಿಬಿಡೋಣ ಅಂತ ಈಗ ಅನ್ನಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಹೇಳುತ್ತಾರೆ: "ಅಯ್ಯೋ, ಮುಚ್ಚಬೇಡಿ, ಸಿಬಿಲ್ ಬಿದ್ದುಹೋಗತ್ತೆ." ಆಫೀಸಿನಲ್ಲಿ ಇನ್ನೊಬ್ಬರು ಹೇಳುತ್ತಾರೆ: "ಬೇಗ ಮುಚ್ಚಿಸಿ, ಜಾಸ್ತಿ ಕಾರ್ಡ್ ಇದ್ದರೆ ಲೋನ್ ಸಿಗಲ್ಲ."

ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಒಂದು ಪೆನ್ನು ತೆಗೆದುಕೊಳ್ಳಿ, ಗೋಡೆಯ ಕ್ಯಾಲೆಂಡರಿನ ಹಿಂಬದಿ ಸಾಕು, ಬರೆದುಕೊಳ್ಳಿ. ಕಾರ್ಡ್ ಮುಚ್ಚಿದರೆ ಸ್ಕೋರ್ ಬೀಳುತ್ತದೋ ಇಲ್ಲವೋ ಅನ್ನುವುದನ್ನು ಮುಖ್ಯವಾಗಿ ಹೇಳುವುದು ಒಂದು ಭಾಗಾಕಾರ. ನಾಲ್ಕನೇ ಕ್ಲಾಸಿನ ಮಗು ಮಾಡುವ ಲೆಕ್ಕ. ಮೊದಲು ಭಾಗಿಸಿ, ಆಮೇಲೆ ಮುಚ್ಚಿ.

ಸ್ಕೋರ್ ಅಂದರೆ ಏನು ಅಂತ ಎರಡು ಮಾತು. ನಾವೆಲ್ಲ ಸಿಬಿಲ್ ಅಂತ ಕರೆಯುವುದು 2000ನೇ ಇಸವಿಯಲ್ಲಿ ಶುರುವಾದ ಒಂದು ಸಂಸ್ಥೆಯ ಹೆಸರು. ಇದೇ ಕೆಲಸ ಮಾಡುವ ಇನ್ನೂ ಮೂರು ಸಂಸ್ಥೆಗಳಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನೀವು ಸಾಲ ತಂದು ಹೇಗೆ ತೀರಿಸಿದಿರಿ ಅನ್ನುವ ಲೆಕ್ಕವನ್ನು ಬ್ಯಾಂಕ್‌ಗಳು ಇವರಿಗೆ ಕಳಿಸುತ್ತವೆ, ಇವರು ಅದಕ್ಕೆ 300ರಿಂದ 900ರೊಳಗೆ ಒಂದು ಅಂಕ ಕೊಡುತ್ತಾರೆ. ನಿಮ್ಮ ಸಂಬಳ, ನಿಮ್ಮ ಎಫ್‌ಡಿ, ಮನೆಯಲ್ಲಿರುವ ಬಂಗಾರ ಯಾವುದೂ ಆ ಅಂಕದಲ್ಲಿ ಸೇರುವುದಿಲ್ಲ. ಕಂತು ಸಮಯಕ್ಕೆ ಕಟ್ಟಿದಿರಾ ಅನ್ನುವುದು ಅದರಲ್ಲಿ ಮುಖ್ಯ. ಅದರ ಜೊತೆಗೆ ನಿಂತಿರುವುದು, ನಿಮಗೆ ಕೊಟ್ಟಿರುವ ಲಿಮಿಟ್‌ನಲ್ಲಿ ಎಷ್ಟು ಪಾಲು ಬಳಸುತ್ತಿದ್ದೀರಿ ಅನ್ನುವುದು. ನಮ್ಮ ಭಾಗಾಕಾರ ಇರುವುದು ಇಲ್ಲೇ.

ನಿಮ್ಮ ಹತ್ತಿರ ಇರುವ ಎಲ್ಲ ಕಾರ್ಡ್‌ಗಳ ಲಿಮಿಟ್ ಕೂಡಿಸಿ, ಕೆಳಗೆ ಬರೆಯಿರಿ. ಎಲ್ಲ ಕಾರ್ಡ್‌ಗಳಲ್ಲಿ ಈಗಿರುವ ಬಾಕಿ ಕೂಡಿಸಿ, ಮೇಲೆ ಬರೆಯಿರಿ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿ, ನೂರರಿಂದ ಗುಣಿಸಿ. ಉತ್ತರ 30ರ ಒಳಗೆ ಇರಬೇಕು. ಈಗ ಮುಚ್ಚಬೇಕು ಅಂದುಕೊಂಡ ಕಾರ್ಡಿನ ಲಿಮಿಟ್ ತೆಗೆದುಹಾಕಿ ಇನ್ನೊಮ್ಮೆ ಭಾಗಿಸಿ. ಆಗಲೂ 30ರ ಒಳಗೇ ಬಂದರೆ ಧೈರ್ಯವಾಗಿ ಮುಚ್ಚಿ. ದಾಟಿತೋ, ನಿಲ್ಲಿ.

ಹಾಸನದ ಒಬ್ಬ ಹೈಸ್ಕೂಲ್ ಮೇಷ್ಟ್ರ ಲೆಕ್ಕ ಹೇಳುತ್ತೇನೆ. ಇದನ್ನು ಪೂರ್ತಿ ಕೇಳಿ, ಯಾಕೆಂದರೆ ಇವರು ಮಾಡಿದ್ದನ್ನೇ ಬಹಳ ಜನ ಮಾಡುತ್ತಾರೆ.

ಮೇಷ್ಟ್ರು ಒಂದು ಸೈಟು ತೆಗೆದಿದ್ದರು, ಮನೆ ಕಟ್ಟಲು 30 ಲಕ್ಷ ಸಾಲ ಬೇಕಿತ್ತು. ಹತ್ತಿರ ಮೂರು ಕಾರ್ಡ್. ಮೊದಲನೆಯದು 2012ರದು, ಲಿಮಿಟ್ ಒಂದೂವರೆ ಲಕ್ಷ, ಮುಟ್ಟುತ್ತಲೇ ಇರಲಿಲ್ಲ. ಎರಡನೆಯದಕ್ಕೆ 40,000, ಅದನ್ನೂ ಮುಟ್ಟುತ್ತಿರಲಿಲ್ಲ. ಮೂರನೆಯದಕ್ಕೆ 60,000, ಎಲ್ಲ ಖರ್ಚೂ ಅದರಲ್ಲೇ. ಮಗಳ ಪಿಯು ಕಾಲೇಜಿನ ಕಂತು, ಎಲ್‌ಐಸಿ, ಪೆಟ್ರೋಲು, ದಿನಸಿ ಎಲ್ಲ ಸೇರಿ ತಿಂಗಳಿಗೆ 45,000. ಡ್ಯೂ ಡೇಟ್‌ಗೆ ಎರಡು ದಿನ ಮುಂಚೆಯೇ ಪೂರ್ತಿ ಕಟ್ಟುವ ಮನುಷ್ಯ. ಬಡ್ಡಿ ಅಂತ ಒಂದು ರೂಪಾಯಿ ಕೊಟ್ಟವರಲ್ಲ.

ಲೆಕ್ಕ ಹಾಕಿ. ಒಟ್ಟು ಲಿಮಿಟ್ ಎರಡೂವರೆ ಲಕ್ಷ, ಬಾಕಿ 45,000. ನೂರಕ್ಕೆ 18. ಬಹಳ ಒಳ್ಳೆಯ ಅಂಕಿ. ಸ್ಕೋರ್ 778 ಇತ್ತು.

ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು, "ಮೇಷ್ಟ್ರೇ, ಲೋನಿಗೆ ಹಾಕೋ ಮುಂಚೆ ಬೇಡದ ಕಾರ್ಡೆಲ್ಲ ಕ್ಲೋಸ್ ಮಾಡಿಸಿಬಿಡಿ, ಬ್ಯಾಂಕಿನವರು ನೋಡಿ ಸಂತೋಷ ಪಡ್ತಾರೆ." ಇವರು ಒಂದೇ ವಾರದಲ್ಲಿ ಎರಡನ್ನೂ ಮುಚ್ಚಿಸಿದರು. ಮುಂದಿನ ತಿಂಗಳು ಅರ್ಜಿ ಹಾಕಿದರು. ಸ್ಕೋರ್ 731ಕ್ಕೆ ಇಳಿದಿತ್ತು.

ಮೇಷ್ಟ್ರಿಗೆ ಅರ್ಥವೇ ಆಗಲಿಲ್ಲ. ಒಂದು ಕಂತೂ ತಪ್ಪಿಲ್ಲ, ಖರ್ಚು ಒಂದು ಪೈಸೆಯೂ ಹೆಚ್ಚಾಗಿಲ್ಲ. ಹೌದು, ಮೇಲಿನ ಅಂಕಿ ಬದಲಾಗಿರಲಿಲ್ಲ, ಅದೇ 45,000. ಕೆಳಗಿನ ಅಂಕಿ ಎರಡೂವರೆ ಲಕ್ಷದಿಂದ 60,000ಕ್ಕೆ ಬಂದಿತ್ತು. ನೂರಕ್ಕೆ 18 ಇದ್ದದ್ದು ನೂರಕ್ಕೆ 75 ಆಗಿತ್ತು. ಆ ಅಂಕಿ ನೋಡಿದವರಿಗೆ ಇವರು ಕೈಯಲ್ಲಿ ಕಾಸಿಲ್ಲದೆ ಕಾರ್ಡಿನ ಮೇಲೇ ಸಂಸಾರ ನಡೆಸುತ್ತಿರುವವರಂತೆ ಕಾಣುತ್ತಾರೆ.

"ನಾನು ಡ್ಯೂ ಡೇಟ್‌ಗೆ ಪೂರ್ತಿ ಕಟ್ಟುತ್ತೇನಲ್ಲ?" ಇದು ಎಲ್ಲರೂ ಕೇಳುವ ಪ್ರಶ್ನೆ. ಬ್ಯಾಂಕ್‌ಗಳು 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಬ್ಯೂರೋಗಳಿಗೆ, ಅಂದರೆ ಸಿಬಿಲ್‌ನಂಥ ಆ ನಾಲ್ಕು ಸಂಸ್ಥೆಗಳಿಗೆ, ಲೆಕ್ಕ ಕಳಿಸಬೇಕು. ಆ ಲೆಕ್ಕದಲ್ಲಿ ಹೋಗುವುದು ಆ ಹೊತ್ತಿಗೆ ಕಾರ್ಡಿನಲ್ಲಿ ನಿಂತಿರುವ ಬಾಕಿ. ಐದು ದಿನ ಬಿಟ್ಟು ನೀವು ಪೂರ್ತಿ ಕಟ್ಟಲಿದ್ದೀರಿ ಅನ್ನುವುದು ಅದರಲ್ಲಿ ಬರೆದಿರುವುದಿಲ್ಲ.

ಇದರಿಂದ ಮೇಷ್ಟ್ರಿಗೆ ಆಗುತ್ತಿದ್ದ ನಷ್ಟ ಎಷ್ಟು ಗೊತ್ತಾ? ಹಲವು ಬ್ಯಾಂಕ್‌ಗಳು ಗೃಹಸಾಲದ ಬಡ್ಡಿಯನ್ನು ಸ್ಕೋರ್ ನೋಡಿಯೇ ನಿಗದಿ ಮಾಡುತ್ತವೆ. ಇವರಿಗೆ ಎಂಟೂವರೆ ಬದಲು ಎಂಟೂಮುಕ್ಕಾಲು ಅಂದರು. ಕಾಲು ಪರ್ಸೆಂಟ್ ತಾನೇ ಅನ್ನಬೇಡಿ. 30 ಲಕ್ಷಕ್ಕೆ, 20 ವರ್ಷಕ್ಕೆ, ಎಂಟೂವರೆಯಲ್ಲಿ ತಿಂಗಳ ಕಂತು ಸುಮಾರು 26,035. ಎಂಟೂಮುಕ್ಕಾಲರಲ್ಲಿ 26,511. ತಿಂಗಳಿಗೆ 476 ರೂಪಾಯಿ, 240 ತಿಂಗಳು. ಒಂದು ಲಕ್ಷದ ಹದಿನಾಲ್ಕು ಸಾವಿರ! ಎರಡು ಕಾರ್ಡ್ ಎರಡು ತಿಂಗಳು ಬೀರುವಿನಲ್ಲೇ ಇದ್ದಿದ್ದರೆ ಈ ಹಣದ ಮಾತೇ ಬರುತ್ತಿರಲಿಲ್ಲ.

ಮೇಷ್ಟ್ರು ಆಮೇಲೆ ಮಾಡಿದ್ದು ಜಾಣತನ. ಸಾಲದ ಕಾಗದಕ್ಕೆ ಸಹಿ ಹಾಕಲಿಲ್ಲ. ಖರ್ಚು ಮಾಡಿದ ವಾರದಲ್ಲೇ ಕಾರ್ಡಿಗೆ ಹಣ ಕಟ್ಟುತ್ತಾ ಬಂದರು. ಬಿಲ್ ತಯಾರಾಗುವ ದಿನಕ್ಕೆ ಬಾಕಿ 10,000 ಮೀರದ ಹಾಗೆ ನೋಡಿಕೊಂಡರು. ಅರವತ್ತು ಸಾವಿರಕ್ಕೆ ಹತ್ತು ಸಾವಿರ ಅಂದರೆ ನೂರಕ್ಕೆ 17ರ ಒಳಗೆ. ಎರಡು ತಿಂಗಳು ಹೀಗೆ ನಡೆಸಿದ ಮೇಲೆ ಸ್ಕೋರ್ ಮತ್ತೆ 770ರ ಹತ್ತಿರ ಬಂತು, ಬಡ್ಡಿಯೂ ಎಂಟೂವರೆಗೆ ಇಳಿಯಿತು. ಭಾಗಾಕಾರದಿಂದ ಬಿದ್ದ ಸ್ಕೋರ್ ಭಾಗಾಕಾರ ಸರಿಯಾದರೆ ಎದ್ದು ಬರುತ್ತದೆ. ಕಂತು ತಪ್ಪಿಸಿ ಬಿದ್ದದ್ದು ಹಾಗೆ ಬೇಗ ಏಳುವುದಿಲ್ಲ, ಎರಡೂ ಬೇರೆ ಬೇರೆ.

ಆದ್ದರಿಂದ ಮನೆ ಸಾಲ, ವಾಹನ ಸಾಲ, ಮಕ್ಕಳ ವಿದ್ಯಾಭ್ಯಾಸದ ಸಾಲ, ಯಾವುದಕ್ಕೇ ಅರ್ಜಿ ಹಾಕುವವರಿದ್ದರೆ ಸಾಲದ ಹಣ ಕೈಗೆ ಬರುವ ತನಕ ಯಾವ ಕಾರ್ಡನ್ನೂ ಮುಚ್ಚಬೇಡಿ. ಮೊದಲು ಭಾಗಿಸಿ, ಆಮೇಲೆ ಮುಚ್ಚಿ.

ಒಂದೇ ಬ್ಯಾಂಕಿನ ಎರಡು ಕಾರ್ಡ್ ಇದ್ದವರು ಇನ್ನೊಂದು ನೋಡಬೇಕು. ಎಷ್ಟೋ ಸಲ ಎರಡಕ್ಕೂ ಸೇರಿ ಒಂದೇ ಲಿಮಿಟ್ ಇರುತ್ತದೆ. ಆ್ಯಪ್ ತೆರೆದರೆ ಎರಡರಲ್ಲೂ ಒಂದು ಲಕ್ಷ ಅಂತ ಕಾಣುತ್ತದೆ, ಒಟ್ಟು ಎರಡು ಲಕ್ಷ ಅಲ್ಲ. ಅಲ್ಲಿ ಒಂದನ್ನು ಮುಚ್ಚಿ ಇನ್ನೊಂದರಲ್ಲಿ ಪೂರ್ತಿ ಲಿಮಿಟ್ ಉಳಿಸಿಕೊಂಡರೆ ನಿಮ್ಮ ಕೆಳಗಿನ ಅಂಕಿ ಬದಲಾಗುವುದಿಲ್ಲ. ಮುಚ್ಚುವುದಕ್ಕೆ ಇಂಥ ಕಾರ್ಡೇ ಎಲ್ಲಕ್ಕಿಂತ ಒಳ್ಳೆಯದು.

ವಾರ್ಷಿಕ ಶುಲ್ಕ ಇರುವ ಕಾರ್ಡ್ ಇಟ್ಟುಕೊಂಡು ಏನು ಮಾಡುವುದು ಅನ್ನುತ್ತೀರಿ. ಸರಿಯಾದ ಮಾತು. 499 ಶುಲ್ಕ, ಅದರ ಮೇಲೆ ನೂರಕ್ಕೆ 18 ಜಿಎಸ್‌ಟಿ, 589 ರೂಪಾಯಿ ಪ್ರತಿ ವರ್ಷ. ಬ್ಯಾಂಕಿಗೆ ಫೋನ್ ಮಾಡಿ "ಶುಲ್ಕ ತೆಗೆಯಿರಿ, ಇಲ್ಲವಾದರೆ ಮುಚ್ಚಿಸುತ್ತೇನೆ" ಅನ್ನಿ. ಬಹಳ ಸಲ ಲೈಫ್‌ಟೈಮ್ ಫ್ರೀ ಮಾಡಿಕೊಡುತ್ತಾರೆ. ಬಾಯಿಮಾತಿಗೆ ಒಪ್ಪಬೇಡಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕಳವಿನ ಭಯ ಇದ್ದರೆ ಆ್ಯಪ್‌ನಲ್ಲಿ ಆನ್‌ಲೈನ್ ಮತ್ತು ವಿದೇಶದ ವ್ಯವಹಾರ ಎರಡನ್ನೂ ಆಫ್ ಮಾಡಿ ಇಡಿ.

ಉಳಿಸಿಕೊಂಡ ಕಾರ್ಡಿಗೆ ಮೂರು ತಿಂಗಳಿಗೊಮ್ಮೆ ಸ್ವಲ್ಪ ಕೆಲಸ ಕೊಡಿ. ಒಂದು ಕರೆಂಟ್ ಬಿಲ್ಲೋ, ಮೊಬೈಲ್ ರೀಚಾರ್ಜೋ ಸಾಕು. ರುಪೇ ಕಾರ್ಡ್ ಆದರೆ ಯುಪಿಐಗೆ ಜೋಡಿಸಿ ದಿನಸಿ ಅಂಗಡಿಯಲ್ಲಿ ಐವತ್ತು ರೂಪಾಯಿ ಕೊಟ್ಟರೂ ಆಯಿತು. ಯಾಕೆಂದರೆ ಒಂದು ವರ್ಷಕ್ಕಿಂತ ಹೆಚ್ಚು ಬಳಸದ ಕಾರ್ಡನ್ನು ಬ್ಯಾಂಕು ನಿಮಗೆ ತಿಳಿಸಿ ತಾನೇ ಮುಚ್ಚಬಹುದು. 30 ದಿನದೊಳಗೆ ನೀವು ಉತ್ತರ ಕೊಡದಿದ್ದರೆ ಮುಚ್ಚಿಯೇಬಿಡುತ್ತದೆ. ಆ ಮೆಸೇಜನ್ನು ಜಾಹೀರಾತು ಅಂದುಕೊಂಡು ಅಳಿಸಿದವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ನಿಜವಾಗಿಯೂ ಮುಚ್ಚುವವರಿಗೆ. ಮೇಷ್ಟ್ರ ಲೆಕ್ಕಕ್ಕೇ ಹೆಚ್ಚು ಹೊತ್ತು ಹೋಯಿತು, ಇದನ್ನು ಬೇಗ ಹೇಳುತ್ತೇನೆ, ಬರೆದುಕೊಳ್ಳಿ.

ಕತ್ತರಿಯಿಂದ ಕಾರ್ಡ್ ಕತ್ತರಿಸಿದರೆ ಖಾತೆ ಮುಚ್ಚಿದಂತಲ್ಲ. ಹೊಲಿಗೆ ಮೆಷಿನ್ ಡ್ರಾಯರಿನ ಕತ್ತರಿಯಲ್ಲಿ ಚಿಪ್ ಮಧ್ಯಕ್ಕೆ ಕತ್ತರಿಸಿ, ಚೂರುಗಳನ್ನು ಕಸದ ಬುಟ್ಟಿಗೆ ಹಾಕಿ, ಮುಗಿಯಿತು ಅಂತ ಕೈ ತೊಳೆದುಕೊಳ್ಳುತ್ತಾರೆ. ಖಾತೆ ಹಾಗೇ ಇರುತ್ತದೆ. ವರ್ಷ ತುಂಬಿದಾಗ ಅದೇ 589 ರೂಪಾಯಿ ಬೀಳುತ್ತದೆ, ಹಳೇ ಇಮೇಲ್‌ಗೆ ಬಂದ ಬಿಲ್ ಯಾರೂ ನೋಡುವುದಿಲ್ಲ, ಅದರ ಮೇಲೆ ತಡದ ದಂಡ, ಬಡ್ಡಿ. ಕಡೆಗೆ ಬ್ಯೂರೋಗಳು ಇಟ್ಟಿರುವ ನಿಮ್ಮ ಸಾಲದ ವರದಿಯಲ್ಲಿ ಕಂತು ತಪ್ಪಿಸಿದವರು ಅಂತ ದಾಖಲಾಗುತ್ತದೆ. ಐನೂರು ರೂಪಾಯಿ ಬಾಕಿಗೂ ಆ ದಾಖಲೆ ಬೀಳುತ್ತದೆ, ಮೂರು ವರ್ಷದ ತಿಂಗಳ ಪಟ್ಟಿಯಲ್ಲಿ ಕಾಣುತ್ತಲೇ ಇರುತ್ತದೆ.

ಮುಚ್ಚುವ ಮುಂಚೆ ಆ ಕಾರ್ಡಿಗೆ ಕಟ್ಟಿರುವ ಆಟೋ ಪೇ ಎಲ್ಲ ಬಿಡಿಸಿ: ಇನ್ಶೂರೆನ್ಸ್, ಸಿನಿಮಾ ಆ್ಯಪ್, ಬ್ರಾಡ್‌ಬ್ಯಾಂಡ್. ಇಎಂಐ ನಡೆಯುತ್ತಿದ್ದರೆ ಅದು ತೀರಬೇಕು. ರಿವಾರ್ಡ್ ಪಾಯಿಂಟ್ ಬಳಸಿಕೊಳ್ಳಿ, ಮುಚ್ಚಿದ ಮೇಲೆ ಸಾಮಾನ್ಯವಾಗಿ ಸಿಗುವುದಿಲ್ಲ. ನಿಮ್ಮ ಹೆಂಡತಿಗೋ ಮಗನಿಗೋ ಮಾಡಿಸಿಕೊಟ್ಟ ಆ್ಯಡ್-ಆನ್ ಕಾರ್ಡ್ ಇದ್ದರೆ ಅದೂ ಜೊತೆಗೇ ನಿಂತುಹೋಗುತ್ತದೆ, ಮೊದಲೇ ಹೇಳಿಬಿಡಿ. ಹಿಂದಿನ ತಿಂಗಳು ಮಿನಿಮಮ್, ಅಂದರೆ ಬಿಲ್ಲಿನಲ್ಲಿ ಹೇಳಿದ ಕನಿಷ್ಠ ಮೊತ್ತ ಮಾತ್ರ ಕಟ್ಟಿದ್ದವರು ಈಗ ಬಿಲ್ಲಿನ ಮೊತ್ತ ಪೂರ್ತಿ ಕಟ್ಟಿದರೂ, ಬಿಲ್ ಆದ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿಗೆ ಬರುತ್ತದೆ. ಸೊನ್ನೆ ಅಂತ ಒಂದು ಬಿಲ್ ನೋಡಿದ ಮೇಲೆ ಮುಂದುವರಿಯಿರಿ.

ಮನವಿಯನ್ನು ಆ್ಯಪ್, ವೆಬ್‌ಸೈಟ್, ಇಮೇಲ್, ಸಹಾಯವಾಣಿ ಯಾವುದರಲ್ಲಾದರೂ ಕೊಡಬಹುದು. ಅಂಚೆಯಲ್ಲೇ ಕಳಿಸಿ ಅಂತ ಬ್ಯಾಂಕು ಹಠ ಹಿಡಿಯುವ ಹಾಗಿಲ್ಲ. ಮನವಿ ಸಂಖ್ಯೆ ಬರೆದಿಟ್ಟುಕೊಳ್ಳಿ, ತಾರೀಖಿನ ಸಮೇತ. ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮದ ಪ್ರಕಾರ, ಬಾಕಿ ಏನೂ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ಈ ನಿಯಮ ಗೊತ್ತಿದೆ ಅಂತ ಫೋನಿನಲ್ಲಿ ಒಮ್ಮೆ ಹೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ. ನೀವು ಹೆಚ್ಚಾಗಿ ಕಟ್ಟಿದ ಹಣ ಕಾರ್ಡಿನಲ್ಲಿ ಉಳಿದಿದ್ದರೆ ನಿಮ್ಮ ಉಳಿತಾಯ ಖಾತೆಗೆ ಬರಬೇಕು. ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಪತ್ರ ಕೇಳಿ ತೆಗೆದುಕೊಳ್ಳಿ. ಕತ್ತರಿ ಹಿಡಿಯುವುದು ಇಷ್ಟೆಲ್ಲ ಆದ ಮೇಲೆ.

ಬಾಕಿ ಇರುವವರಿಗೆ ಬ್ಯಾಂಕಿನವರು "ಅರ್ಧ ಕಟ್ಟಿ, ಸೆಟಲ್ ಮಾಡಿ ಮುಚ್ಚಿಬಿಡೋಣ" ಅಂದರೆ ದಯವಿಟ್ಟು ಆತುರಪಡಬೇಡಿ. ಹಾಗೆ ಮಾಡಿದರೆ ವರದಿಯಲ್ಲಿ ಕ್ಲೋಸ್ಡ್ ಅಂತ ಬರುವುದಿಲ್ಲ, ಸೆಟಲ್ಡ್ ಅಂತ ಬರುತ್ತದೆ. ಮುಂದೆ ಸಾಲ ಕೊಡುವವರು ಆ ಪದ ನೋಡಿದ ತಕ್ಷಣ ಹಿಂದೆ ಸರಿಯುತ್ತಾರೆ. ಕಂತಿನಲ್ಲಾದರೂ ಸರಿ, ಪೂರ್ತಿ ತೀರಿಸಿ ಮುಚ್ಚಿ.

ಮುಚ್ಚಿದ 45 ದಿನಕ್ಕೆ ನಿಮ್ಮ ವರದಿ ತೆಗೆದು ನೋಡಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಿಮ್ಮದನ್ನು ನೀವೇ ನೋಡಿದರೆ ಸ್ಕೋರ್ ಕಡಿಮೆಯಾಗುವುದಿಲ್ಲ, ಈ ಭಯ ಬಿಟ್ಟುಬಿಡಿ. ಆ ಕಾರ್ಡ್ ವರದಿಯಲ್ಲಿ ಇನ್ನೂ ಕಾಣುತ್ತಿದೆ ಅಂತ ಗಾಬರಿಯಾಗಬೇಡಿ. ಮುಚ್ಚಿದ ಖಾತೆ ಮಾಯವಾಗುವುದಿಲ್ಲ, ನೀವು ಸರಿಯಾಗಿ ಕಟ್ಟಿದ ಇತಿಹಾಸವೂ ಅದರ ಜೊತೆಗೇ ಉಳಿದಿರುತ್ತದೆ. ಅದರ ಮುಂದೆ ಬಾಕಿ ಸೊನ್ನೆ, ಮುಚ್ಚಿದ ತಾರೀಖು ಇಷ್ಟು ಇರಬೇಕು. ತಾರೀಖಿನ ಜಾಗ ಖಾಲಿ ಇದ್ದರೆ ಬ್ಯೂರೋದ ವೆಬ್‌ಸೈಟಿನಲ್ಲೇ ತಕರಾರು ಸಲ್ಲಿಸಿ, ನೋ ಡ್ಯೂ ಪತ್ರ ಜೊತೆಗಿಟ್ಟುಕೊಳ್ಳಿ. 30 ದಿನದಲ್ಲಿ ಸರಿಯಾಗದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ಬ್ಯಾಂಕು ನಿಮ್ಮ ಲಿಖಿತ ದೂರಿಗೆ 30 ದಿನವಾದರೂ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ ಹೋಗಬಹುದು, ಅದಕ್ಕೆ ಖರ್ಚಿಲ್ಲ. ಮಾಹಿತಿಗೆ ಕರೆ ಮಾಡಬೇಕಾದ ಸಂಖ್ಯೆ 14448. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ನಾಲ್ಕು, ಎಂಟು.

ನಮಸ್ಕಾರ.