ಒಂದು ನಿಮಿಷ ಪೂರ್ತಿ ಎಣಿಸಿ

ಎಲ್ಲ ಕೇಳುಗರಿಗೂ ನಮಸ್ಕಾರ. ಜಗಳೂರು, ಹರಿಹರ, ಮೊಳಕಾಲ್ಮೂರು ಕಡೆಯಿಂದ ದಾವಣಗೆರೆಗೆ ನರ್ಸಿಂಗ್ ಕಲಿಯಲು ಬಂದಿರುವ ಮಕ್ಕಳೇ, ಈ ಮಾತು ಮುಖ್ಯವಾಗಿ ನಿಮಗೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರೂ ಕೇಳಿ, ನಿಮಗೂ ಬೇಕಾಗುತ್ತದೆ.

ಮೊದಲ ವರ್ಷದಲ್ಲಿ ಎಲ್ಲರಿಗೂ ಇಂಜೆಕ್ಷನ್ ಕೊಡುವ ಆತುರ. ನನಗೂ ಇತ್ತು. ಉಸಿರು ಎಣಿಸುವುದು ಏನು ಮಹಾ ಕೆಲಸ ಅನಿಸುತ್ತಿತ್ತು. ಹಾಗಾಗಿ ಒಂದು ರಾತ್ರಿ ಡ್ಯೂಟಿಯಲ್ಲಿ ಸಾಲು ಮಂಚಗಳ ಚಾರ್ಟ್‌ಗಳಲ್ಲೆಲ್ಲ ಸುಮ್ನೆ 20, 20 ಅಂತ ಬರೆದುಕೊಂಡು ಹೋದೆ. ಹಿರಿಯ ಸಿಸ್ಟರ್ ಬೈಯಲಿಲ್ಲ. ಒಬ್ಬ ಅಜ್ಜನ ಹತ್ತಿರ ಕರೆದುಕೊಂಡು ಹೋಗಿ, ಗಡಿಯಾರ ನೋಡಿ ಎಣಿಸು ಅಂದರು. 30 ಇತ್ತು. ಬಿಪಿ ಸರಿಯಾಗಿಯೇ ಇತ್ತು, ಅಜ್ಜ ಮಾತಾಡುತ್ತಲೂ ಇದ್ದರು. ಡಾಕ್ಟರ್ ಬಂದು ನೋಡಿದರೆ ನ್ಯುಮೋನಿಯಾ ಜಾಸ್ತಿಯಾಗಿತ್ತು. ನಾನು ಬರೆದ ಆ ಸುಳ್ಳು 20 ಇವತ್ತಿಗೂ ಮರೆತಿಲ್ಲ.

ಆರೋಗ್ಯವಾಗಿರುವ ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಕಾಯಿಲೆ ಏರುತ್ತಿದ್ದರೆ, ಬಿಪಿ ಬೀಳುವ ಮೊದಲೇ ಎಷ್ಟೋ ಸಲ ಉಸಿರು ಜೋರಾಗುತ್ತದೆ. ಎಣಿಸುತ್ತೇನೆ ಅಂತ ಹೇಳಿದರೆ ಉಸಿರಾಟವೇ ಬದಲಾಗಿಬಿಡುತ್ತದೆ, ಅದಕ್ಕೇ ನಾಡಿ ನೋಡಿದ ಮೇಲೆ ಕೈ ಬಿಡಬೇಡಿ, ಮಣಿಕಟ್ಟು ಹಿಡಿದುಕೊಂಡೇ ಎದೆ ಏರಿಳಿಯುವುದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ ಅಲ್ವಾ?

ಕೈ ತೊಳೆಯುವುದು ನಿಮಗೆ ಗೊತ್ತಿರುವುದೇ. ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡ್, ಒಬ್ಬರನ್ನು ಮುಟ್ಟುವ ಮೊದಲೂ, ಮುಟ್ಟಿದ ಮೇಲೂ.

ಇನ್ನು ಬೆಡ್ ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಚರ್ಮಕ್ಕೆ ಆಗುವ ಗಾಯ. ತಾವಾಗಿ ಹೊರಳಲು ಆಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಬೆನ್ನ ಕೆಳಗೆ ಬೆವರು ನಿಂತು ಚರ್ಮ ಮೆತ್ತಗಾಗುತ್ತದೆ, ಚಾದರದ ಒಂದು ಸುಕ್ಕು ಸಾಕು ಗಾಯ ಶುರುವಾಗಲು. ಪುಸ್ತಕದಲ್ಲಿ ಕೆಂಪಾಗುತ್ತದೆ ಅಂತ ಬರೆದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಬೇಗ ಕಾಣುವುದಿಲ್ಲ. ಹಾಗಾಗಿ ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಭುಜ ಎಲ್ಲ ಮುಟ್ಟಿ ನೋಡಿ. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ನೋವು ಅಂತಾರಾ ಕೇಳಿ. ಅಂಥ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಮನೆಯವರು ಪ್ರೀತಿಯಿಂದಲೇ ತಿಕ್ಕುತ್ತಾರೆ, ಆದರೆ ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟಾಗುತ್ತದೆ. ಅವರಿಗೆ ಗದರದೆ ತಿಳಿಸಿ ಹೇಳಿ. ಮಗ್ಗಲು ಬದಲಿಸುವಾಗ ಎಳೆಯಬೇಡಿ, ಇಬ್ಬರು ಸೇರಿ ಚಾದರ ಸಮೇತ ಎತ್ತಿ. ಮಾತಾಡಲಾರದವರಿಗೂ, ಈಗ ತಿರುಗಿಸ್ತೀವಿ ಅಜ್ಜಿ, ಅಂತ ಮೊದಲೇ ಹೇಳಿ.

ಡ್ಯೂಟಿ ಮುಗಿಸಿ ಹೋಗುವಾಗ ಮುಂದಿನ ಡ್ಯೂಟಿಗೆ ಬಂದವರಿಗೆ ಬಾಯಲ್ಲೂ ಹೇಳಿ, ಪುಸ್ತಕದಲ್ಲೂ ಬರೆಯಿರಿ: ನಾಲ್ಕನೇ ಮಂಚದವರು ಆರು ಗಂಟೆಯಿಂದ ಎಡ ಮಗ್ಗುಲಲ್ಲಿದ್ದಾರೆ, ಎಂಟಕ್ಕೆ ತಿರುಗಿಸಬೇಕು. ನಮಸ್ಕಾರ.